ಅಮೆರಿಕ ಸಮುದ್ರ ದಾಟಿದ್ದು ನೆಲಕ್ಕಾಗಿಯೋ, ವ್ಯಾಪಾರದ ದಾರಿಗಾಗಿಯೋ?

ಹೊನ್ನಾವರದ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ಈಗ ಊರಲ್ಲಿದ್ದೇನೆ. ಮೊಮ್ಮಗಳು ಪದವಿಯಲ್ಲಿ ಇತಿಹಾಸ ಓದುತ್ತಿದ್ದಾಳೆ. ಮೊನ್ನೆ ಅವಳ ನೋಟ್ಸಿನಲ್ಲಿ '1898ರಲ್ಲಿ ಅಮೆರಿಕ ಸಾಗರೋತ್ತರ ಸಾಮ್ರಾಜ್ಯವಾಯಿತು' ಅಂತ ಒಂದು ಸಾಲು ಕಂಡೆ. ಒಂದೇ ವರ್ಷದಲ್ಲಿ ಹಾಗೆಲ್ಲ ಆಗೋದಿಲ್ಲ ಮಗಾ ಅಂದೆ. ಹಾಗಾದ್ರೆ ಹೇಗಾಯ್ತು ಹೇಳಿ ಅಜ್ಜ ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಹಡಗಿನಲ್ಲಿ ಇದ್ದವನಿಗೆ ಸಾಗರ ಅಂದರೆ ಮೊದಲು ನೆನಪಾಗೋದು ಇಂಧನ. ನಾನು ಫೋರ್ತ್ ಎಂಜಿನಿಯರ್ ಆಗಿದ್ದಾಗ ಬಂಕರ್, ಅಂದರೆ ಹಡಗಿನ ಇಂಧನ, ತಗೊಳ್ಳುವ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಸೌಂಡಿಂಗ್ ಪೈಪಿನೊಳಗೆ ಟೇಪು ಇಳಿಸಿ, ತುದಿಯ ಹಿತ್ತಾಳೆ ಗುಂಡು ಟ್ಯಾಂಕಿನ ತಳ ಮುಟ್ಟಿದ್ದು ಕೈಗೆ ಗೊತ್ತಾದ ಮೇಲೆ ಮೇಲೆತ್ತಿ, ಎಣ್ಣೆ ಎಲ್ಲಿಯವರೆಗೆ ಹತ್ತಿದೆ ಅಂತ ಟಾರ್ಚ್ ಬೆಳಕಿನಲ್ಲಿ ಓದಬೇಕು. ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೂ ಟನ್ನುಗಟ್ಟಲೆ ಲೆಕ್ಕ ತಪ್ಪುತ್ತದೆ. ಮುಂದಿನ ಬಂದರು ಮುಟ್ಟುತ್ತೇವೋ ಇಲ್ಲವೋ ಅನ್ನೋದು ಆ ಟೇಪಿನ ಮೇಲಿರುತ್ತದೆ. 'ಬಂಕರ್' ಅನ್ನೋ ಮಾತೇ ಕಲ್ಲಿದ್ದಲ ಕಾಲದಿಂದ ಬಂದದ್ದು, ಆಗ ಕಲ್ಲಿದ್ದಲು ತುಂಬುವ ಉಗ್ರಾಣಕ್ಕೆ ಹಾಗೆನ್ನುತ್ತಿದ್ದರು.

ಈಗ 1850ರ ಆಸುಪಾಸಿನ ಉಗಿ ಹಡಗನ್ನು ಕಣ್ಣಮುಂದೆ ತಂದುಕೊಳ್ಳಿ. ಕಲ್ಲಿದ್ದಲು ಹೆಚ್ಚು ತುಂಬಿದಷ್ಟೂ ಸರಕಿಗೆ ಜಾಗ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಯ ಹೊನೊಲುಲುಗೇ ಸುಮಾರು 2,100 ನಾಟಿಕಲ್ ಮೈಲಿ. ಅಲ್ಲಿಂದ ಗುವಾಮ್ ದ್ವೀಪ ಇನ್ನೂ 3,300. ಚೀನಾಕ್ಕೆ ಬಟ್ಟೆ, ಮುಂದೆ ಸೀಮೆಎಣ್ಣೆ ಮಾರಬೇಕು ಅಂದರೆ ನಡುವೆ ಎಲ್ಲಾದರೂ ನಿಂತು ಕಲ್ಲಿದ್ದಲು ತುಂಬಿಕೊಳ್ಳಲೇಬೇಕು. ಅಧ್ಯಕ್ಷ ಫಿಲ್‌ಮೋರ್ 1852ರಲ್ಲಿ ಜಪಾನಿನ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಇದು ನೇರವಾಗಿಯೇ ಇದೆ. ನಮ್ಮ ಉಗಿ ಹಡಗು ಕ್ಯಾಲಿಫೋರ್ನಿಯಾದಿಂದ ನಿಮ್ಮಲ್ಲಿಗೆ 18 ದಿನದಲ್ಲಿ ಬರಬಲ್ಲದು, ನಿಮ್ಮಲ್ಲಿ ಕಲ್ಲಿದ್ದಲು ಧಾರಾಳವಾಗಿದೆಯಂತೆ, ದುಡ್ಡು ಕೊಡುತ್ತೇವೆ, ತುಂಬಿಕೊಳ್ಳಲು ಬಿಡಿ ಅಂತ. ಆ ಪತ್ರ ತಂದ ಅಮೆರಿಕದ ನೌಕಾಧಿಕಾರಿ ಪೆರ್ರಿ 1853ರಲ್ಲಿ ಬಂದದ್ದು ಯುದ್ಧನೌಕೆಗಳ ಜೊತೆಗೆ. 1854ರಲ್ಲಿ ಶಿಮೊಡಾ, ಹಕೊಡಾಟೆ ಎರಡು ಬಂದರು ತೆರೆದವು.

ಆಮೇಲಿನದ್ದನ್ನು ನಕ್ಷೆ ಇಟ್ಟುಕೊಂಡು ನೋಡಿ. 1867ರಲ್ಲಿ ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪ. ಅದೇ ವರ್ಷ 72 ಲಕ್ಷ ಡಾಲರಿಗೆ ಅಲಾಸ್ಕಾ. 1878ರಲ್ಲಿ ಸಮೋವಾದ ಪಾಗೊ ಪಾಗೊ ಬಂದರಿನ ಹಕ್ಕು. 1887ರಲ್ಲಿ ಹವಾಯಿಯ ಪರ್ಲ್ ಹಾರ್ಬರ್ ಬಂದರು. 1898ರಲ್ಲಿ ಹವಾಯಿ, ಗುವಾಮ್, ಫಿಲಿಪೀನ್ಸ್. 1899ರಲ್ಲಿ ವೇಕ್ ದ್ವೀಪ. ಅಲಾಸ್ಕಾ ಬಿಟ್ಟರೆ ಉಳಿದದ್ದೆಲ್ಲ ಹಡಗಿನವನ ಕಣ್ಣಿಗೆ ಒಂದು ದಾರಿಯ ತಂಗುದಾಣಗಳು. ಅವರಿಗೆ ಬೇಕಿದ್ದದ್ದು ನೆಲವಲ್ಲ, ಚೀನಾದ ದಾರಿಯಲ್ಲಿ ನಿಲ್ಲಲು ಜಾಗ. ಆದರೆ ಆ ಜಾಗದಲ್ಲಿ ಜನ ಇದ್ದರು. ನನ್ನನ್ನು ಕಾಡುವುದು ಇದೇ. ನಿಮಗೆ ಏನನ್ನಿಸುತ್ತದೆ?

ಪಾಠದ ಮೇಷ್ಟ್ರು

ಎಂಜಿನಿಯರ್ ಸರ್, ಮೂವತ್ತು ವರ್ಷ ಪಾಠ ಮಾಡಿದವನು ನಾನು, ಇದನ್ನು ಕಲ್ಲಿದ್ದಲಿನ ಕಡೆಯಿಂದ ನೋಡಿರಲಿಲ್ಲ. ಹವಾಯಿ ವಿಷಯದಲ್ಲಿ ಮಾತ್ರ ಇನ್ನೊಂದು ಪದಾರ್ಥ ಸೇರಿಸಬೇಕು. ಸಕ್ಕರೆ.

1875ರಲ್ಲಿ ಅಮೆರಿಕ ಮತ್ತು ಹವಾಯಿ ರಾಜ್ಯದ ನಡುವೆ ಒಂದು ವ್ಯಾಪಾರ ಒಪ್ಪಂದ ಆಯಿತು. ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗಬಹುದು. ಹದಿನೈದೇ ವರ್ಷದಲ್ಲಿ ಅಲ್ಲಿನ ಸಕ್ಕರೆ ಹತ್ತು ಪಟ್ಟಾಯಿತು. ಕಬ್ಬಿನ ತೋಟಗಳ ಬಹುಪಾಲು ಅಮೆರಿಕ ಮೂಲದವರ ಕೈಯಲ್ಲಿತ್ತು. ದುಡಿಯಲು ಚೀನಾ, ಜಪಾನ್, ಪೋರ್ಚುಗಲ್ ಕಡೆಯಿಂದ ಜನರನ್ನು ತಂದರು. ರಾಜ ಕಲಾಕವುವಾ 1881ರಲ್ಲಿ ವಿಶ್ವಪರ್ಯಟನೆ ಹೊರಟಾಗ ನಮ್ಮ ಕಲ್ಕತ್ತಾ, ಬೊಂಬಾಯಿಗಳಿಗೂ ಬಂದಿದ್ದ. ತೋಟಗಳಿಗೆ ಕೂಲಿಯವರು ಸಿಗುತ್ತಾರೆಯೇ ಎಂದು ನೋಡುವುದೂ ಆ ಪ್ರವಾಸದ ಉದ್ದೇಶಗಳಲ್ಲೊಂದು.

ಇಡೀ ದೇಶದ ಬದುಕು ಒಂದೇ ಬೆಳೆ, ಒಂದೇ ಗಿರಾಕಿಯ ಮೇಲೆ ನಿಂತಿತು. 1887ರಲ್ಲಿ ಒಪ್ಪಂದ ನವೀಕರಿಸುವಾಗ ಗಿರಾಕಿ ಪರ್ಲ್ ಹಾರ್ಬರ್ ಕೇಳಿದ. ಕಲ್ಲಿದ್ದಲು ತುಂಬಲು, ಹಡಗು ರಿಪೇರಿಗೆ, ಅಮೆರಿಕಕ್ಕೆ ಮಾತ್ರ. ಅದೇ ವರ್ಷ ಬಂದೂಕು ಹಿಡಿದ ತೋಟಗಾರರ ಗುಂಪು ರಾಜನ ಅಧಿಕಾರ ಕಿತ್ತುಕೊಳ್ಳುವ ಸಂವಿಧಾನಕ್ಕೆ ಸಹಿ ಹಾಕಿಸಿತು. ಬೆರಳು ತೋರಿಸಿದರೆ ಹಸ್ತ ನುಂಗಿದರು ಅಂತೀವಲ್ಲ, ಹಾಗೆ.

ಆಮೇಲೆ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ. ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆದರು, ಅಮೆರಿಕದೊಳಗೆ ಬೆಳೆದವರಿಗೆ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟರು. ಹವಾಯಿಗಿದ್ದ ಅನುಕೂಲ ರಾತ್ರೋರಾತ್ರಿ ಹೋಯಿತು. ಅಮೆರಿಕದೊಳಗೆ ಸೇರಿಬಿಟ್ಟರೆ ನಾವೂ ಒಳಗಿನವರು ಎಂಬ ಲೆಕ್ಕ ಶುರುವಾದದ್ದು ಆಗ. 1893ರ ಜನವರಿ 17ರಂದು ರಾಣಿ ಲಿಲಿಉಒಕಲಾನಿಯನ್ನು ಕೆಳಗಿಳಿಸಿದರು. ಹಿಂದಿನ ದಿನವೇ ಬಾಸ್ಟನ್ ಎಂಬ ಅಮೆರಿಕದ ಯುದ್ಧನೌಕೆಯಿಂದ 162 ಸೈನಿಕರು ಹೊನೊಲುಲುವಿನಲ್ಲಿ ಇಳಿದಿದ್ದರು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ತೋಟದ ಮಾಲೀಕರೂ ವಿಲೀನ ಬಯಸಲಿಲ್ಲ. ಅಮೆರಿಕದ ಕಾನೂನು ಬಂದರೆ ಏಷ್ಯಾದಿಂದ ಕರಾರು ಕೂಲಿಗಳನ್ನು ತರಲಾಗದು ಎಂಬ ಭಯ ಹಲವರಿಗಿತ್ತು.

ಲೆಕ್ಕದ ಪುಸ್ತಕ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ನಾನು ಲೆಕ್ಕಪತ್ರದವನು, ಅಂಕಿ ನೋಡದೆ ನಂಬಲಾರೆ.

1890ರ ದಶಕದಲ್ಲಿ ಅಮೆರಿಕದ ಒಟ್ಟು ರಫ್ತಿನಲ್ಲಿ ಚೀನಾದ ಪಾಲು ನೂರಕ್ಕೆ ಎರಡರಷ್ಟೂ ಇರಲಿಲ್ಲ. ದೊಡ್ಡ ಗಿರಾಕಿ ಬ್ರಿಟನ್, ಯುರೋಪ್. ಅಷ್ಟು ಸಣ್ಣ ವ್ಯಾಪಾರಕ್ಕೆ ಯಾರಾದರೂ ಯುದ್ಧ ಮಾಡುತ್ತಾರೆಯೇ? 1898ರ ಆರಂಭದಲ್ಲಿ ನ್ಯೂಯಾರ್ಕಿನ ದೊಡ್ಡ ವ್ಯಾಪಾರಿಗಳಲ್ಲಿ ಬಹಳ ಜನ ಸ್ಪೇನ್ ಜೊತೆ ಯುದ್ಧವೇ ಬೇಡ ಎನ್ನುತ್ತಿದ್ದರು. ಕ್ಯೂಬಾದಲ್ಲಿ ಸ್ಪೇನ್ ನಡೆಸುತ್ತಿದ್ದ ಕ್ರೌರ್ಯ, ಫೆಬ್ರವರಿ 15ರಂದು ಅಲ್ಲಿನ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಯುದ್ಧನೌಕೆ ಸ್ಫೋಟಗೊಂಡದ್ದು, ಪತ್ರಿಕೆಗಳು ಎಬ್ಬಿಸಿದ ಆವೇಶ, ಇವು ಜನರನ್ನು ಯುದ್ಧಕ್ಕೆ ತಂದವು.

ಇನ್ನೊಂದು. ನಮ್ಮ ಅಜ್ಜಿಯಂದಿರು 'ಸೀಮೆಎಣ್ಣೆ' ಎನ್ನುತ್ತಿದ್ದದ್ದು ಅದು ಪರಸೀಮೆಯಿಂದ ಬರುತ್ತಿದ್ದ ಕಾರಣಕ್ಕೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ನಮ್ಮ ದೇಶದಲ್ಲಿ ದೀಪ ಉರಿಸಿದ ಆ ಎಣ್ಣೆಯಲ್ಲಿ ಅಮೆರಿಕದಿಂದ ತಗಡಿನ ಡಬ್ಬಗಳಲ್ಲಿ ಬಂದದ್ದೂ ಧಾರಾಳವಾಗಿತ್ತು. ಅದನ್ನು ಮಾರಲು ಅಮೆರಿಕ ನಮ್ಮಲ್ಲಿ ಒಂದು ಗೇಣು ನೆಲ ಹಿಡಿಯಬೇಕಾಗಲಿಲ್ಲ. ವ್ಯಾಪಾರಕ್ಕೆ ನೆಲ ಬೇಕೇ ಬೇಕು ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಹೊನ್ನಾವರದ ಎಂಜಿನಿಯರ್

ಲೆಕ್ಕದವರೇ, ಸೀಮೆಎಣ್ಣೆಯ ಮಾತು ಬಹಳ ಒಳ್ಳೆಯದು. ಅದಕ್ಕೆ ಉತ್ತರ ಕೊಡಲೇಬೇಕು.

ಆ ಡಬ್ಬಗಳು ನಮ್ಮಲ್ಲಿಗೆ ಬಂದದ್ದು ಬ್ರಿಟಿಷರು ಬಾಗಿಲು ತೆರೆದಿಟ್ಟಿದ್ದರಿಂದ. ಏಡನ್, ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್, ಎಲ್ಲೆಲ್ಲೂ ಕಲ್ಲಿದ್ದಲು ಅವರದು. ಬಾಗಿಲು ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನೋದು 1898ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಅಮೆರಿಕದ ನೌಕಾಧಿಕಾರಿ ಕಮೊಡೋರ್ ಡ್ಯೂಯಿ ತನ್ನ ಪಡೆಯೊಂದಿಗೆ ಹಾಂಗ್‌ಕಾಂಗ್‌ನಲ್ಲಿದ್ದ. ಯುದ್ಧ ಘೋಷಣೆಯಾಗುವ ಹೊತ್ತಿಗೆ ಬ್ರಿಟನ್ ತಟಸ್ಥ ಎಂದಿತು, ಬಂದರು ಬಿಟ್ಟು ಹೊರಡಿ ಎಂದಿತು. ಏಷ್ಯಾದ ಆ ಕಡೆ ಅಮೆರಿಕಕ್ಕೆ ತನ್ನದೆನ್ನುವ ಒಂದು ಬಂದರೂ ಇರಲಿಲ್ಲ. ಡ್ಯೂಯಿ ಮುಂದಾಲೋಚನೆಯಿಂದ ನಾನ್‌ಶಾನ್ ಎಂಬ ಹಡಗನ್ನು ಅದರೊಳಗಿದ್ದ ಕಲ್ಲಿದ್ದಲು ಸಮೇತ ಕೊಂಡಿಟ್ಟಿದ್ದ. ಅದಿಲ್ಲದಿದ್ದರೆ ಆಗ ಸ್ಪೇನಿನ ಕೈಯಲ್ಲಿದ್ದ ಫಿಲಿಪೀನ್ಸಿನ ಮನಿಲಾ ಕೊಲ್ಲಿಗೆ ಹೋಗಿ ವಾಪಸ್ ಬರುವ ಭರವಸೆಯೇ ಇರಲಿಲ್ಲ. ಎಂಜಿನ್ ರೂಮಿನಲ್ಲಿ ಇದ್ದವನಿಗೆ ಆ ಸ್ಥಿತಿ ಹೊಟ್ಟೆಯಲ್ಲಿ ತಿಳಿಯುತ್ತದೆ. ಮೇ 1ರಂದು ಸ್ಪೇನಿನ ನೌಕೆಗಳು ಮುಳುಗಿದ ಮೇಲೆ 'ಇನ್ನು ಮನಿಲಾ ಬಿಡುವುದು ಬೇಡ' ಅಂತ ವಾಷಿಂಗ್ಟನ್ನಿನಲ್ಲಿ ಅನ್ನಿಸಿದ್ದು ಇದರಿಂದಲೂ ಹೌದು.

ಯುದ್ಧ ಶುರುವಾದ ಕಾರಣ ಬೇರೆ, ಯುದ್ಧ ಮುಗಿದ ಮೇಲೆ ಯಾವುದನ್ನು ಕೈಬಿಡಲಿಲ್ಲ ಅನ್ನೋದು ಬೇರೆ. ಕ್ಯೂಬಾಕ್ಕಾಗಿ ಹೊರಟವರು ಗುವಾಮಿನಲ್ಲಿ ಯಾಕೆ ಇಳಿದರು?

ಗಿರಣಿ ಓಣಿ

ಸರ್ರ, ನಾ ಹುಬ್ಬಳ್ಳಿಯಾಕಿ. ಲೆಕ್ಕದವ್ರು ನೂರಕ್ಕ ಎರಡು ಅಂದ್ರಲ್ಲ, ಅದು ಇಡೀ ದೇಶದ ಲೆಕ್ಕ. ಯಾರಿಗೆ ಎಷ್ಟು ಅನ್ನೋದು ನೋಡ್ಬೇಕ್ರಿ. 1900ರ ಸುಮಾರಿಗೆ ಅಮೆರಿಕದಿಂದ ಹೊರಗ ಹೋಗೋ ಹತ್ತಿ ಬಟ್ಟಿಯೊಳಗ ಹೆಚ್ಚೂಕಡಿಮಿ ಅರ್ಧದಷ್ಟು ಚೀನಾಕ್ಕ ಹೋಗತಿತ್ತು, ಮಂಚೂರಿಯಾ ಕಡೆ ಭಾಳ. ದಕ್ಷಿಣ ಕೆರೊಲಿನಾದಾಗಿನ ಗಿರಣಿಗೋಳು ಅದರ ಮ್ಯಾಲೇ ನಿಂತಿದ್ವು. ಆ ಗಿರಣಿ ಊರಿನ ಮಂದಿಗೆ ಚೀನಾದ ಬಾಗಲ ಅಂದ್ರ ಅನ್ನದ ಪ್ರಶ್ನಿ. ಗಿರಣಿ ಮುಚ್ಚಿದ್ರ ಓಣಿ ಹೆಂಗ ಆಗ್ತದ ಅನ್ನೋದು ನಾವು ಕಣ್ಣಾರೆ ಕಂಡೀವಿ.

ಹತ್ತಿ ಅಂದಕೂಡ್ಲೆ ನಮ್ಮ ಧಾರವಾಡ ಜಿಲ್ಲಾ ನೆನಪಾಗ್ತದ. 1840ರ ದಶಕದಾಗ ಕಂಪನಿ ಸರಕಾರ ಅಮೆರಿಕದ ತೋಟಗಾರರನ್ನ ಕರಿಸಿ, ನ್ಯೂ ಆರ್ಲೀನ್ಸ್ ಬೀಜ ನಮ್ಮ ಕರಿಮಣ್ಣಿಗೆ ಹಾಕಿಸಿತ್ತು. 'ಧಾರವಾಡ ಅಮೆರಿಕನ್' ಅಂತನ ಆ ಹತ್ತಿಗೆ ಹೆಸರು. ಮುಂದ 1861ರಾಗ ಅಲ್ಲಿ ಅಂತರ್ಯುದ್ಧ ಹತ್ತಿದಾಗ ಇಲ್ಲಿ ರೇಟು ಮುಗಿಲಿಗೆ ಹೋತು, ಯುದ್ಧ ಮುಗಿದ ಕೂಡ್ಲೆ ನೆಲಕ್ಕ ಬಿತ್ತು. ದೂರದಾಗಿನ ಮಾರುಕಟ್ಟಿಗೆ ಬದುಕು ಕಟ್ಟಿದವ್ರ ಗತಿ ಹವಾಯಿ ಆಗ್ಲಿ ಇಲ್ಲಿ ಆಗ್ಲಿ ಒಂದ ನೋಡ್ರಿ.

ನನ್ನ ಪ್ರಶ್ನಿ ಇಷ್ಟು. ಹಿಂಗ ತಗೊಂಡ ಜಾಗಾದಾಗಿನ ಮಂದಿಯನ್ನ ಅಮೆರಿಕ ತನ್ನವ್ರು ಅಂತ ಒಪ್ಪಿಕೊಂಡಿತೇನು?

ಕರಿಕೋಟು

ಮೇಡಂ, ನಿಮ್ಮ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 1901ರಲ್ಲಿ ಉತ್ತರ ಕೊಟ್ಟಿದೆ. ಕಿತ್ತಳೆ ಹಣ್ಣಿನ ಮೊಕದ್ದಮೆಯಲ್ಲಿ. ವಕೀಲನಾಗಿ ನಾನು ಮತ್ತೆ ಮತ್ತೆ ಓದಿದ ತೀರ್ಪು ಅದು.

ಡೌನ್ಸ್ ಎಂಬ ವ್ಯಾಪಾರಿ ಸಂಸ್ಥೆ ಕೆರಿಬಿಯನ್ ಸಮುದ್ರದ ಪೋರ್ಟೊರಿಕೋ ದ್ವೀಪದ ಸ್ಯಾನ್ ವಾನ್‌ನಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿತು. ಬಂದರಿನಲ್ಲಿ 659 ಡಾಲರ್ 35 ಸೆಂಟ್ ಸುಂಕ ಕಟ್ಟಿಸಿಕೊಂಡರು. ಸಂಸ್ಥೆ ಕೋರ್ಟಿಗೆ ಹೋಯಿತು. ಸಂವಿಧಾನದ ಪ್ರಕಾರ ಇಡೀ ಅಮೆರಿಕದಲ್ಲಿ ಸುಂಕ ಏಕರೂಪವಾಗಿರಬೇಕು. ಪೋರ್ಟೊರಿಕೋ 1898ರಿಂದ ಅಮೆರಿಕದ್ದು. ಒಂದೇ ದೇಶದೊಳಗೆ ಒಂದೂರಿಂದ ಇನ್ನೊಂದೂರಿಗೆ ಹಣ್ಣು ತಂದರೆ ಸುಂಕ ಹೇಗೆ? ವಾದ ಇಷ್ಟೇ, ಬಹಳ ಸರಳ.

ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತ ಹೇಳಿದ್ದು: ಪೋರ್ಟೊರಿಕೋ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ನ್ಯಾಯಮೂರ್ತಿ ವೈಟ್ ಬಳಸಿದ ಮಾತಿನ ಅರ್ಥ, ಮನೆಯೊಳಗಿನ ಲೆಕ್ಕದಲ್ಲಿ ಅದು ಪರದೇಶ. ಅಲ್ಲಿಗೆ ಸಂವಿಧಾನ ಪೂರ್ತಿಯಾಗಿ ಹೋಗಬೇಕಾಗಿಲ್ಲ. ತೀರ್ಪಿನಲ್ಲಿ ಬೇರೆ ಜನಾಂಗ, ಬೇರೆ ರೀತಿನೀತಿಯವರನ್ನು ಆಳುವ ತೊಡಕಿನ ಮಾತೂ ಬಂತು. ನೋಡಿ, ಹಣ್ಣಿನ ಪೆಟ್ಟಿಗೆಯ ಸುಂಕದಿಂದ ಶುರುವಾದದ್ದು ಲಕ್ಷಾಂತರ ಮನುಷ್ಯರ ಹಕ್ಕಿನಲ್ಲಿ ಮುಗಿಯಿತು.

ಇದು ಹಳೇ ಕಥೆಯಲ್ಲ. ಪೋರ್ಟೊರಿಕೋದವರಿಗೆ 1917ರಲ್ಲಿ ಪೌರತ್ವ ಬಂತು, ಆದರೆ ದ್ವೀಪದಲ್ಲಿ ನೆಲೆಸಿದವರಿಗೆ ಇಂದಿಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಹುಟ್ಟಿನಿಂದ ಅಮೆರಿಕದ ಪ್ರಜೆಗಳೂ ಅಲ್ಲ, 'ರಾಷ್ಟ್ರೀಯರು' ಮಾತ್ರ. ಎಂಜಿನಿಯರ್ ಸರ್ ಹೇಳಿದ ಪಾಗೊ ಪಾಗೊ ಇರುವುದು ಅಲ್ಲೇ. ಕಲ್ಲಿದ್ದಲಿಗಾಗಿ ಬಂದರು ಕೇಳಿದರು, ಬಂದರಿನ ಸುತ್ತಲಿನ ಜನಕ್ಕೆ ಏನು ಹೆಸರಿಡಬೇಕು ಅನ್ನುವುದು ನೂರಿಪ್ಪತ್ತು ವರ್ಷವಾದರೂ ತೀರ್ಮಾನವಾಗಿಲ್ಲ. ನನಗೆ ಇದು ಸಂಕಟ ಕೊಡುತ್ತದೆ.

ಒಂದು ಪ್ರಶ್ನೆ

ಪನಾಮಾ ಕಾಲುವೆಯೂ ಇದೇ ಸಾಲಿಗೆ ಸೇರುತ್ತದಾ?

ಹೊನ್ನಾವರದ ಎಂಜಿನಿಯರ್

ಖಂಡಿತ ಸೇರುತ್ತದೆ. 1903ರ ನವೆಂಬರ್ 3ರಂದು ಪನಾಮಾ ಕೊಲಂಬಿಯಾದಿಂದ ಬೇರೆಯಾಯಿತು, ಅಮೆರಿಕದ ಯುದ್ಧನೌಕೆ ಪಕ್ಕದಲ್ಲೇ ನಿಂತಿತ್ತು. 18ಕ್ಕೆ ಒಪ್ಪಂದ, 10 ಮೈಲಿ ಅಗಲದ ಪಟ್ಟಿ ಅಮೆರಿಕದ ಕೈಗೆ. ಕಾಲುವೆ ತೆರೆದದ್ದು 1914ರಲ್ಲಿ, ಪನಾಮಾಕ್ಕೆ ಪೂರ್ತಿ ಮರಳಿದ್ದು 1999ರ ಕೊನೆಯ ದಿನ. ನಾನು ಏಳು ಸಲ ದಾಟಿದ್ದೇನೆ. ಹಡಗನ್ನು 26 ಮೀಟರ್ ಮೇಲೆತ್ತಿ ಇಳಿಸುವ ಆ ಲಾಕ್‌ಗಳನ್ನು ನೋಡಿದರೆ ಎಂಜಿನಿಯರನ ಕೈ ತಾನಾಗಿ ಮುಗಿಯುತ್ತದೆ. ಅಮೆರಿಕ ಅದನ್ನು ಕಟ್ಟುವಾಗ ಸತ್ತವರ ಅಧಿಕೃತ ಲೆಕ್ಕ 5,609. ಹೆಚ್ಚಿನವರು ಬಾರ್ಬಡೋಸ್ ಮೊದಲಾದ ದ್ವೀಪಗಳ ಕಪ್ಪು ಕೂಲಿಕಾರರು. ಇದಕ್ಕೆ ಬೇರೆ ಚರ್ಚೆಯೇ ಬೇಕು.

ಹೊನೊಲುಲು ಕನ್ನಡತಿ

ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ, ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಇಲ್ಲಿ ಇಯೊಲಾನಿ ಅರಮನೆಯ ಮಹಡಿಯಲ್ಲಿ ಒಂದು ಕೋಣೆ ಇದೆ. 1895ರಲ್ಲಿ ರಾಣಿಯನ್ನು ಅವರದೇ ಅರಮನೆಯ ಆ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೌದಿ ಇಟ್ಟಿದ್ದಾರೆ. ಹೌದು, ನಮ್ಮ ಕೌದಿಯ ಹಾಗೆಯೇ, ತುಂಡು ಬಟ್ಟೆ ಸೇರಿಸಿ ಹೊಲಿದದ್ದು. ಬಂಧನದಲ್ಲಿ ರಾಣಿ ಹೊಲಿಯಲು ಶುರುಮಾಡಿದ್ದು. ರೇಷ್ಮೆ, ಮಖಮಲ್ಲಿನ ತುಂಡುಗಳು, ಒಂದಕ್ಕೊಂದು ಆಕಾರ ಕೂಡದವು. ನಡುವೆ ಹವಾಯಿಯ ಬಾವುಟ. ಅಂಚುಗಳಲ್ಲಿ ದಾರದಿಂದ ಹೆಸರುಗಳು, ದಿನಾಂಕಗಳು. ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಇತಿಹಾಸ ಗೊತ್ತಿಲ್ಲ, ಇಂಗ್ಲಿಷ್ ಬರುವುದಿಲ್ಲ. ಗಾಜಿಗೆ ಮುಖ ಹತ್ತಿರ ತಂದು ಬಹಳ ಹೊತ್ತು ಹೊಲಿಗೆ ನೋಡಿ, "ಇದು ಹೊದಿಯೋಕೆ ಹೊಲಿದದ್ದಲ್ಲ ಕಣೆ, ಬರೆದಿಟ್ಟದ್ದು" ಅಂದರು.

ಮೇಷ್ಟ್ರೇ, ಇಲ್ಲಿನ ಜನ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನು ದಯವಿಟ್ಟು ಸೇರಿಸಿ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ 1893ರಲ್ಲಿ ವಿಲೀನದ ಒಪ್ಪಂದವನ್ನು ವಾಪಸ್ ಪಡೆದ, ನಡೆದದ್ದು ತಪ್ಪು ಎಂದ. 1897ರಲ್ಲಿ ಹೊಸ ಅಧ್ಯಕ್ಷ ಮ್ಯಾಕಿನ್ಲಿ ಮತ್ತೆ ಒಪ್ಪಂದ ತಂದಾಗ ದ್ವೀಪದಿಂದ ದ್ವೀಪಕ್ಕೆ ಓಡಾಡಿ ಸಹಿ ಸಂಗ್ರಹಿಸಿದರು. ವಿಲೀನ ಬೇಡ ಎನ್ನುವ ಒಂದೇ ಮನವಿಗೆ 21,000ಕ್ಕೂ ಹೆಚ್ಚು ಸಹಿ. ಆಗ ಹವಾಯಿ ಮೂಲದವರು ಇದ್ದದ್ದೇ ಸುಮಾರು 40,000 ಜನ. ಗಂಡಸರ ಹಾಳೆ ಬೇರೆ, ಹೆಂಗಸರ ಹಾಳೆ ಬೇರೆ. ಸೆನೆಟ್ಟಿನಲ್ಲಿ ಮೂರನೇ ಎರಡು ಮತ ಸಿಗದೆ ಒಪ್ಪಂದ ಬಿದ್ದುಹೋಯಿತು. ಆ ಜನ ಗೆದ್ದಿದ್ದರು! ಮರುವರ್ಷ ಯುದ್ಧ ಬಂತು, ಮನಿಲಾಕ್ಕೆ ಸೈನ್ಯ ಕಳಿಸಲು ಹೊನೊಲುಲು ಬೇಕಾಯಿತು. ಒಪ್ಪಂದದ ದಾರಿ ಬಿಟ್ಟು, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯ ಮಾಡಿ 1898ರ ಜುಲೈ 7ರಂದು ಮುಗಿಸಿಬಿಟ್ಟರು. 1993ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿತು. ನೆಲ ಮಾತ್ರ ಮರಳಲಿಲ್ಲ.

ಲೆಕ್ಕದ ಪುಸ್ತಕ

ಎರಡು ದಿನ ಯೋಚಿಸಿದೆ. ಗಿರಣಿ ಓಣಿಯ ಅಕ್ಕ ಹೇಳಿದ ಬಟ್ಟೆಯ ಲೆಕ್ಕ ಸರಿಯಿದೆ, ಒಟ್ಟು ಮೊತ್ತ ನೋಡಿ ನಾನು ಒಳಗಿನ ಬಾಬ್ತು ಬಿಟ್ಟಿದ್ದೆ.

ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಅವರನ್ನು ಎಳೆದದ್ದು ಇದ್ದ ವ್ಯಾಪಾರವಲ್ಲ, ಬರಬಹುದಾದ ವ್ಯಾಪಾರದ ಆಸೆ. 1893ರಿಂದ ಅಲ್ಲಿ ಭಾರೀ ಆರ್ಥಿಕ ಕುಸಿತ. ಕಾರ್ಖಾನೆಗಳು ದೇಶ ಕೊಳ್ಳುವುದಕ್ಕಿಂತ ಹೆಚ್ಚು ಮಾಡುತ್ತಿವೆ, ಹೊರಗೆ ಮಾರದಿದ್ದರೆ ಉಳಿಗಾಲವಿಲ್ಲ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಸೆನೆಟರ್ ಬೆವರಿಜ್ 1900ರ ಜನವರಿಯಲ್ಲಿ ಸೆನೆಟ್ಟಿನಲ್ಲಿ ನಿಂತು ಫಿಲಿಪೀನ್ಸ್ ಎಂದೆಂದಿಗೂ ನಮ್ಮದು, ಅದರಾಚೆಗೇ ಚೀನಾದ ಎಣೆಯಿಲ್ಲದ ಮಾರುಕಟ್ಟೆ ಇದೆ ಎಂದ. 1899ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಚೀನಾದ ಬಾಗಿಲು ಎಲ್ಲರಿಗೂ ತೆರೆದಿರಲಿ ಎಂದು ಬೇರೆ ರಾಷ್ಟ್ರಗಳಿಗೆ ಪತ್ರ ಬರೆದದ್ದೂ ಇದೇ ಕಾರಣಕ್ಕೆ. ಆ ಎಣೆಯಿಲ್ಲದ ಮಾರುಕಟ್ಟೆ ಅವರು ಎಣಿಸಿದಷ್ಟು ಎಂದೂ ಆಗಲಿಲ್ಲ. ಆಸೆಯ ಮೇಲೆ ಬರೆದ ಲೆಕ್ಕಕ್ಕೆ ಬೇರೆಯವರ ಪ್ರಾಣ ಹೋಯಿತು.

ಪಾಠದ ಮೇಷ್ಟ್ರು

ಆ ಪ್ರಾಣಗಳ ಮಾತನ್ನು ಹೇಳಲೇಬೇಕು. 1898ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಸ್ಪೇನ್ ಫಿಲಿಪೀನ್ಸನ್ನು 2 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಫಿಲಿಪಿನೋಗಳು ಆಗಲೇ ಅಗಿನಾಲ್ಡೊ ನೇತೃತ್ವದಲ್ಲಿ ಸ್ವಾತಂತ್ರ್ಯ ಸಾರಿಕೊಂಡಿದ್ದರು. ಅವರ ಪ್ರತಿನಿಧಿ ಅಗೊನ್ಸಿಲ್ಲೊ ಪ್ಯಾರಿಸ್ಸಿಗೆ ಹೋದರೂ ಮಾತುಕತೆಗೆ ಸೇರಿಸಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಜಗಳ ಮುಗಿದು ರಾಜಿಯಾದ ಮೇಲೆ ಕೂಸನ್ನೇ ಮಾರಿದರು.

1899ರ ಫೆಬ್ರವರಿ 4ರಂದು ಶುರುವಾದ ಯುದ್ಧದಲ್ಲಿ 4,200ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಸುಮಾರು 20,000 ಫಿಲಿಪಿನೋ ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ರೋಗಕ್ಕೆ ಬಲಿಯಾದ ಸಾಮಾನ್ಯ ಜನ ಎರಡು ಲಕ್ಷದವರೆಗೂ ಇರಬಹುದೆಂಬ ಅಂದಾಜಿದೆ. ಬಾಲಂಗಿಗಾ ಎಂಬ ಊರಿನ ಚರ್ಚಿನ ಮೂರು ಗಂಟೆಗಳನ್ನು 1901ರಲ್ಲಿ ಸೈನ್ಯ ಹೊತ್ತುಕೊಂಡು ಹೋಗಿತ್ತು. ಅವು ಮರಳಿದ್ದು 2018ರ ಡಿಸೆಂಬರಿನಲ್ಲಿ.

ಅಮೆರಿಕದೊಳಗೇ ಇದನ್ನು ಗಟ್ಟಿಯಾಗಿ ವಿರೋಧಿಸಿದವರೂ ಇದ್ದರು. 1898ರಲ್ಲಿ ಬಾಸ್ಟನ್ನಿನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಹುಟ್ಟಿತು. ಲೇಖಕ ಮಾರ್ಕ್ ಟ್ವೇನ್ ಅದರ ಉಪಾಧ್ಯಕ್ಷರಲ್ಲಿ ಒಬ್ಬ.

ಗಿರಣಿ ಓಣಿ

ಎಂಜಿನಿಯರ್ ಸರ್ರ, ಹಡಗಿಗೆ ಎಣ್ಣಿ ಬಂದ ಮ್ಯಾಲೆ ಕಲ್ಲಿದ್ದಲು ಬ್ಯಾಡಾಗಿತ್ತಲ್ಲ? ಆ ಸಣ್ಣ ಸಣ್ಣ ದ್ವೀಪ ಬಿಟ್ಟು ಕೊಟ್ಟರೇನು?

ಹೊನ್ನಾವರದ ಎಂಜಿನಿಯರ್

ಇಲ್ಲ ತಾಯಿ. ಒಂದು ಕೆಲಸಕ್ಕೆ ಹಿಡಿದದ್ದು ಇನ್ನೊಂದಕ್ಕೆ ಒದಗುತ್ತಿತ್ತು.

ಹೌಲ್ಯಾಂಡ್, ಬೇಕರ್, ಜಾರ್ವಿಸ್ ಅಂತ ಸಮಭಾಜಕ ವೃತ್ತದ ಹತ್ತಿರ ಮೂರು ಚುಕ್ಕಿಗಳಿವೆ. ಹೌಲ್ಯಾಂಡಿನಲ್ಲಿ ಕುಡಿಯುವ ನೀರಿಲ್ಲ. ಅಮೆರಿಕ ಇವನ್ನು ತನ್ನದೆಂದದ್ದು ಕಲ್ಲಿದ್ದಲಿಗೂ ಅಲ್ಲ, ಹಕ್ಕಿಯ ಹಿಕ್ಕೆಗೆ! ಹೊಗೆಸೊಪ್ಪು, ಹತ್ತಿ ಬೆಳೆದು ಸಾರ ಕಳಕೊಂಡ ಹೊಲಗಳಿಗೆ ಆ ಗೊಬ್ಬರ ಬಂಗಾರದಂತಿತ್ತು. 1856ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದರು. ಯಾರದೂ ಅಲ್ಲದ ದ್ವೀಪದಲ್ಲಿ ಹಿಕ್ಕೆ ಕಂಡ ಅಮೆರಿಕನ್ ಪ್ರಜೆ ಅದನ್ನು ದೇಶದ ಹೆಸರಿನಲ್ಲಿ ಹಿಡಿಯಬಹುದು ಅಂತ. ಕೆಲವು ದಶಕಗಳಲ್ಲಿ ಗೊಬ್ಬರ ಕೆರೆದು ಮುಗಿಸಿ ಬಿಟ್ಟುಹೋದರು.

1930ರ ದಶಕದಲ್ಲಿ ವಿಮಾನ ಬಂತು. ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಇಳಿಯಲು ಜಾಗ ಬೇಕಾಯಿತು. ಜನ ವಾಸವಿದ್ದರೆ ಹಕ್ಕು ಗಟ್ಟಿ ಅಂತ 1935ರಿಂದ ಅಲ್ಲಿಗೆ ಹುಡುಗರನ್ನು ಕಳಿಸಿದರು. ಬಹುತೇಕ ಹವಾಯಿಯ ಹುಡುಗರು, ಹೈಸ್ಕೂಲು ಮುಗಿಸಿದವರು. ಯಾರ ರಾಜ್ಯ ಹೋಗಿತ್ತೋ ಅವರ ಮೊಮ್ಮಕ್ಕಳ ವಯಸ್ಸಿನವರು. ನಾಲ್ಕು ನಾಲ್ಕು ಜನ ಒಂದೊಂದು ದ್ವೀಪದಲ್ಲಿ, ಹವಾಮಾನ ಬರೆದಿಡುತ್ತ, ಮೀನು ಹಿಡಿಯುತ್ತ, ತಿಂಗಳುಗಟ್ಟಲೆ ಬಾರದ ಹಡಗನ್ನು ಕಾಯುತ್ತ ಇದ್ದರು.

1941ರ ಡಿಸೆಂಬರ್ 8ರಂದು ಜಪಾನಿನ ವಿಮಾನಗಳು ಹೌಲ್ಯಾಂಡಿನ ಮೇಲೆ ಬಾಂಬು ಹಾಕಿದವು. ಇಬ್ಬರು ಸತ್ತರು. ಉಳಿದಿಬ್ಬರು ಅವರನ್ನು ಅಲ್ಲೇ ಹೂಳಿ, ಮುಂದಿನ ಜನವರಿ ಕೊನೆಯವರೆಗೆ ಆ ದ್ವೀಪದಲ್ಲಿ ಕಾದರು. ಹೂತ ದೇಹಗಳನ್ನು ಹವಾಯಿಗೆ ತಂದದ್ದು 1954ರಲ್ಲಿ.

ನಿನ್ನೆ ರಾತ್ರಿ ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ನೋಟ್ಸು ತೆರೆದು, ಆ ಒಂದು ಸಾಲಿನ ಕೆಳಗೆ ಇನ್ನೊಂದು ಹಾಳೆ ಅಂಟಿಸಿದಳು. ಕಲಾಕವುವಾ ಬೊಂಬಾಯಿಗೆ ಬಂದಿದ್ದು ಯಾವ ತಿಂಗಳು ಅಂತ ಕೇಳುತ್ತಿದ್ದಾಳೆ, ಮೇಷ್ಟ್ರೇ, ಗೊತ್ತಿದ್ದರೆ ತಿಳಿಸಿ.